ಮುಸುರೆ ಬಕೆಟ್ ಮನೆ ದಾಟದಿರಲಿ: ನಗರದ ಮನೆಗಳಿಗೆ ಕಸದ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮನೆಗಳಲ್ಲಿ ಅವರೆಕಾಯಿ ಕಾಲ. ಎರಡು ಕೆ.ಜಿ. ಕಾಯಿ ತಂದು ಬಿಡಿಸಿದರೆ ಕಾಳು ಒಂದು ಪಾತ್ರೆ, ಸಿಪ್ಪೆ ಒಂದು ಬುಟ್ಟಿ. ಹಿತಕಿದ ಬೇಳೆ ಮಾಡಿದರೆ ಕಾಳಿನ ಸಿಪ್ಪೆಯೂ ಅದಕ್ಕೆ ಸೇರುತ್ತದೆ. ಆ ತಿಂಗಳು ರಸ್ತೆ ಮೂಲೆಗಳಲ್ಲಿ ನೋಡಿ. ಕವರಿನಲ್ಲಿ ಗಂಟು ಹಾಕಿ ಎಸೆದ ಅವರೆ ಸಿಪ್ಪೆ ಕೊಳೆಯುತ್ತಿರುತ್ತದೆ. ಹಸು ಬಂದು ಕವರನ್ನೂ ಸೇರಿಸಿ ನುಂಗುತ್ತದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಅದೇ ಸಿಪ್ಪೆ ನಮ್ಮ ಮನೆಯ ಡ್ರಮ್ಮಿನಲ್ಲಿ ಯುಗಾದಿ ಹೊತ್ತಿಗೆ ಕಪ್ಪು ಮಣ್ಣಿನಂಥ ಗೊಬ್ಬರವಾಗಿರುತ್ತದೆ.

ಇದಕ್ಕೆ ದೊಡ್ಡ ಅಂಗಳ ಬೇಕಿಲ್ಲ. ನಮ್ಮದು ಬಾಡಿಗೆ ಮನೆ, ಇರುವುದು ಒಂದು ಚಿಕ್ಕ ಬಾಲ್ಕನಿ. ನಾಲ್ಕು ಜನರ ಅಡುಗೆಮನೆಯ ಹಸಿ ಕಸ ಅಲ್ಲೇ ಮುಗಿಯುತ್ತದೆ. ಹೇಗೆ ಅಂತ ಮೊದಲಿಂದ ಹೇಳುತ್ತೇನೆ.

ಗಾಡಿ ಹೋದ ಮೇಲೆ

ಬೆಳಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಬರುತ್ತದೆ, ನಾವು ಬಕೆಟ್ ಸುರಿಯುತ್ತೇವೆ, ಒಳಗೆ ಬರುತ್ತೇವೆ. ಅಲ್ಲಿಗೆ ನಮ್ಮ ಮಟ್ಟಿಗೆ ಮುಗಿಯಿತು. ಕಸದ ಮಟ್ಟಿಗೆ ಮುಗಿಯುವುದಿಲ್ಲ.

ಬೆಂಗಳೂರಿನ ಕಸ ವರ್ಷಗಟ್ಟಲೆ ಯಲಹಂಕದ ಆಚೆಯ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಊರಿನವರು ತಡೆದರು. 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಆಗ ಲಾರಿಗಳು ಮಂಡೂರಿನ ಕಡೆ ತಿರುಗಿದವು. ವಾಸನೆ, ನೊಣ ತಾಳಲಾರದೆ, ಬೋರ್‌ವೆಲ್ ನೀರು ಕೆಟ್ಟುಹೋಯಿತು ಅಂತ ಮಂಡೂರಿನ ಜನ ಬೀದಿಗಿಳಿದರು. 2014ರ ಡಿಸೆಂಬರ್‌ನಿಂದ ಅಲ್ಲಿಯೂ ನಿಂತಿತು. ಆಮೇಲೆ ಊರಾಚೆಯ ಹಳೆಯ ಕಲ್ಲು ಕ್ವಾರಿಗಳ ಸರದಿ ಬಂತು. ಮಂಗಳೂರಿನಲ್ಲಿ ಇನ್ನೂ ಘೋರವಾಯಿತು. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಅನ್ನುವ ಊರಿನ ಮೇಲೆ ಹರಿಯಿತು. ಅಡಿಕೆ ತೋಟ, ತೆಂಗಿನ ತೋಟ ಮುಚ್ಚಿಹೋದವು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡಕ್ಕೆ ಕಸ ಕಳಿಸಿದವರು ಯಾರೂ ಕೆಟ್ಟವರಲ್ಲ. ನಮ್ಮ ಹಾಗೆ ಬೆಳಗ್ಗೆ ಬಕೆಟ್ ಸುರಿದವರು, ಅಷ್ಟೇ.

ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಸಿಪ್ಪೆ, ಸೊಪ್ಪಿನ ದಂಟು, ಉಳಿದ ಅನ್ನ, ಹೂವು. ತೊಂದರೆ ಕೊಡುವುದೂ ಇದೇ. ಗುಡ್ಡದ ಅಡಿಯಲ್ಲಿ ಗಾಳಿ ಸಿಗದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಬೆಂಕಿ ಹತ್ತಿಕೊಳ್ಳುವುದೂ ಅದರಿಂದಲೇ. ಇಳಿದ ಕಪ್ಪು ರಸ ಅಂತರ್ಜಲ ಸೇರುತ್ತದೆ. ಇನ್ನು ಮನೆಯಲ್ಲೇ ನೋಡಿ. ಒಂದು ಸೌಟು ಹುಳಿ ಸಾರು ಬಿದ್ದರೆ ಸಾಕು, ಬಕೆಟ್‌ನಲ್ಲಿರುವ ಪೇಪರು, ರಟ್ಟು, ಕವರು ಎಲ್ಲ ಹಾಳು. ಗುಜರಿಯವರೂ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಒಂದೇ ವಿಷಯದ ಸುತ್ತ ಇದೆ: ಹಸಿ ಕಸ ಮನೆಯ ಹೊಸ್ತಿಲು ದಾಟಬಾರದು.

ಮೊದಲ ವಾರ: ಸುಮ್ನೆ ನೋಡಿ

ಡ್ರಮ್ ಕೊಳ್ಳಲು ಓಡಬೇಡಿ. ಒಂದು ವಾರ ನಿಮ್ಮ ಮನೆಯ ಕಸವನ್ನು ಗಮನಿಸಿ. ಸಿಂಕ್ ಪಕ್ಕ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಇಡಿ, ಸಿಪ್ಪೆ ಮುಸುರೆ ಎಲ್ಲ ಅದಕ್ಕೆ ಹಾಕಿ. ರಾತ್ರಿ ಅದನ್ನು ತೂಕ ಮಾಡಿ. ನಾಲ್ಕು ಜನರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಕೆ.ಜಿ. ಆಸುಪಾಸು ಬರುತ್ತದೆ. ಅದರಲ್ಲಿ ಅನ್ನ, ಪಲ್ಯ, ಚಪಾತಿ ಎಷ್ಟಿದೆ ಅಂತ ಪ್ರತ್ಯೇಕವಾಗಿ ನೋಡಿ. ನಮ್ಮ ಮನೆಯಲ್ಲಿ ದಿನಾ ಒಂದು ಹಿಡಿ ಅನ್ನ ಮಿಗುತ್ತಿತ್ತು. ಅರ್ಧ ಪಾವು ಅಕ್ಕಿ ಕಡಿಮೆ ಹಾಕಿದೆವು, ನಿಂತುಹೋಯಿತು. ಬೇಯಿಸದೆ ಉಳಿಸಿದ ಅಕ್ಕಿಗಿಂತ ಒಳ್ಳೆಯ ಕಸ ನಿರ್ವಹಣೆ ಬೇರೆ ಇಲ್ಲ.

ಎರಡು ಬಕೆಟ್, ಒಂದು ಚೀಲ

ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದನ್ನೇ ಆದೇಶ ಮಾಡಿತು. ಹಸಿ ಕಸಕ್ಕೆ ಹಸಿರು ಬಕೆಟ್, ಮರುಬಳಕೆಗೆ ಬಾರದ ಕಸಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ. ಬೇರೆ ಊರಿನಲ್ಲಿದ್ದರೂ ಇದೇ ಲೆಕ್ಕ ಇಟ್ಟುಕೊಳ್ಳಬಹುದು. ಬಕೆಟ್ ಒಳಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಹಳೆ ಪೇಪರ್ ಮಡಿಸಿ ತಳಕ್ಕೆ ಹಾಸಿದರೆ ಸಾಕು.

ವಿಂಗಡಿಸುವುದು ಸುಲಭ. ಎಲ್ಲರೂ ತಡವರಿಸುವುದು ಕೆಲವೇ ವಸ್ತುಗಳಲ್ಲಿ. ಊಟ ಒರೆಸಿದ ಟಿಶ್ಯೂ ಪೇಪರ್ ಹಸಿ ಕಸ. ಟೀ ಬ್ಯಾಗಿನ ಪಿನ್ನು ತೆಗೆದು ಸೊಪ್ಪನ್ನು ಹಸಿಗೆ ಹಾಕಿ. ಮೊಟ್ಟೆ ಚಿಪ್ಪು ಹಸಿ, ಪುಡಿ ಮಾಡಿ ಹಾಕಿದರೆ ಬೇಗ ಕರಗುತ್ತದೆ. ಬಾಚಣಿಗೆಯ ಕೂದಲು, ಕಸ ಗುಡಿಸಿದ ದೂಳು ಕೆಂಪಿಗೆ. ತೆಂಗಿನ ಕರಟ, ಎಳನೀರು ಬುರುಡೆ ಹಸಿಯಂತೆ ಕಂಡರೂ ಮನೆಯ ಡ್ರಮ್ಮಿನಲ್ಲಿ ಕರಗುವುದಿಲ್ಲ. ಅವನ್ನು ಬೇರೆ ಇಟ್ಟು ಗಾಡಿಗೆ ಕೊಡಿ, ಇಲ್ಲವೇ ಊರಿನಲ್ಲಿ ನೀರೊಲೆ ಇದ್ದವರಿಗೆ ಕಳಿಸಿ. ಮಾವಿನ ಓಟೆಯೂ ಹಾಗೇ, ತಿಂಗಳುಗಟ್ಟಲೆ ಗಟ್ಟಿಯಾಗಿ ಕೂತಿರುತ್ತದೆ. ಪೇಪರ್ ಕಪ್ ಅನ್ನುವುದು ಹೆಸರಿಗೆ ಮಾತ್ರ ಪೇಪರ್. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಅದನ್ನು ಹಸಿ ಕಸಕ್ಕೆ ಹಾಕಬೇಡಿ.

ಹಾಲಿನ ಪ್ಯಾಕೆಟ್ ಬಗ್ಗೆ ಒಂದು ಮಾತು. ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಬೇರೆಯಾಗದಂತೆ ಕತ್ತರಿಸಿ. ಕವರಿಗೇ ಅಂಟಿಕೊಂಡಿರಲಿ. ಆ ಉಗುರಿನಷ್ಟು ಚೂರನ್ನು ಆಮೇಲೆ ಯಾರೂ ಆರಿಸಲಾರರು. ಅದು ಚರಂಡಿಗೆ, ಕೆರೆಗೆ, ಗೊಬ್ಬರಕ್ಕೆ ಸೇರುತ್ತದೆ. ಖಾಲಿ ಕವರಿಗೆ ನೀರು ಹಾಕಿ ಅಲ್ಲಾಡಿಸಿ ಗಿಡಕ್ಕೆ ಸುರಿಯಿರಿ. ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ.

ಒಣ ಕಸ ಮತ್ತು ಅದನ್ನು ಮುಟ್ಟುವ ಕೈ

ಒಣ ಕಸಕ್ಕೆ ಅವಸರವಿಲ್ಲ. ತೊಳೆದು ಒಣಗಿಸಿದ್ದರೆ ಹದಿನೈದು ದಿನ ಇಟ್ಟರೂ ವಾಸನೆ ಬರುವುದಿಲ್ಲ. ನ್ಯೂಸ್ ಪೇಪರ್, ರಟ್ಟಿನ ಡಬ್ಬ, ನೀರಿನ ಬಾಟಲ್, ಡಬ್ಬಿ, ಹಾಲಿನ ಕವರ್ ಗುಜರಿ ಅಂಗಡಿಯಲ್ಲಿ ಹಣಕ್ಕೆ ಹೋಗುತ್ತವೆ. ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುವ ಪದರ ಇದೆಯಲ್ಲ, ಅದಕ್ಕೆ ಕೊಳ್ಳುವವರಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಅದನ್ನು ಕಡಿಮೆ ಕೊಳ್ಳುವುದೊಂದೇ ದಾರಿ.

ಬೆಂಗಳೂರಿನ ಹಲವು ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳಿವೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಎಷ್ಟೋ ಕಡೆ ಇವನ್ನು ನಡೆಸುತ್ತಿದ್ದಾರೆ. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಹಸಿರು ದಳದಂಥ ಸಂಸ್ಥೆ ಅವರ ಜೊತೆ ನಿಂತಿದೆ. ಪ್ಲಾಸ್ಟಿಕ್‌ನ ಹತ್ತಾರು ಬಗೆಗಳನ್ನು ಅವರು ಕೈಯಲ್ಲಿ ಉಜ್ಜಿ, ಸದ್ದು ಕೇಳಿ ಹೇಳಬಲ್ಲರು. ಅಷ್ಟು ತಿಳಿದವರ ಮುಂದೆ ನಾವು ಅನ್ನ ಮೆತ್ತಿದ ಕವರ್ ಸುರಿಯುವುದು ಸರಿಯಾ?

ಕೆಂಪು ಬಕೆಟ್‌ನಲ್ಲಂತೂ ಇನ್ನೂ ಎಚ್ಚರ ಬೇಕು. ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಬಿಚ್ಚಿ ನೋಡುವ ಕಷ್ಟ ಪೌರಕಾರ್ಮಿಕರಿಗೆ ಬರಬಾರದು. ಒಡೆದ ಗಾಜನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಟೇಪ್ ಸುತ್ತಿ, ಮೇಲೆ ‘ಗಾಜು’ ಅಂತ ಬರೆಯಿರಿ. ಬ್ಲೇಡು, ಇನ್ಸುಲಿನ್ ಸೂಜಿಗಳಿಗೆ ಮುಚ್ಚಳವಿರುವ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇಡಿ. ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಬೇರೆಯಾಗಿ ಕೊಡಿ. ಸತ್ತ ಬ್ಯಾಟರಿ, ಹಳೆ ಚಾರ್ಜರ್ ಒಂದು ಡಬ್ಬದಲ್ಲಿ ಕೂಡಿಡುತ್ತಾ ಬನ್ನಿ. ವರ್ಷಕ್ಕೊಮ್ಮೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟರಾಯಿತು.

ಡ್ರಮ್ಮಿನೊಳಗಿನ ತಿಪ್ಪೆ

ಈಗ ಮುಖ್ಯ ಕೆಲಸ. ಹಳ್ಳಿಯಲ್ಲಿ ಬೆಳೆದವರಿಗೆ ತಿಪ್ಪೆ ಗೊತ್ತು. ಸಗಣಿ, ಗಂಜಲದ ಹುಲ್ಲು, ಒಲೆಯ ಬೂದಿ, ಮನೆಯ ಕಸ ಎಲ್ಲ ಅಲ್ಲಿ ಸೇರಿ ಬೇಸಿಗೆಗೆ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಎಷ್ಟೋ ಊರುಗಳಲ್ಲಿ ದೀಪಾವಳಿ ಸಂಜೆ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ನಾವು ಮಾಡಬೇಕಿರುವುದು ಅದನ್ನೇ ಚಿಕ್ಕದು ಮಾಡಿ ಬಾಲ್ಕನಿಗೆ ತರುವುದು.

ಬೇಕಾಗುವ ಸಾಮಾನು ಕಡಿಮೆ. ಐವತ್ತರಿಂದ ಅರವತ್ತು ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್, ಹಳೆಯದಾದರೂ ನಡೆಯುತ್ತದೆ. ಸುತ್ತಲೂ ನಾಲ್ಕು ಬೆರಳಿಗೊಂದರಂತೆ, ತಳದಲ್ಲಿ ಐದಾರು ತೂತು ಮಾಡಿಸಿ. ಮಣ್ಣಿನ ಕುಂಡವಾದರೆ ತೇವವನ್ನು ತಾನೇ ಹೀರುತ್ತದೆ, ಇನ್ನೂ ಒಳ್ಳೆಯದು. ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆಯವರು ಒಂದರ ಮೇಲೊಂದು ಕೂರುವ ಮಣ್ಣಿನ ಕುಂಡಗಳ ‘ಕಂಬ’ಗಳನ್ನು 2006ರಿಂದಲೇ ಮಾಡುತ್ತಿದ್ದಾರೆ. ಡ್ರಮ್ಮನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ಕೆಳಗೆ ಒಂದು ತಟ್ಟೆ ಇಡಿ.

ತಳಕ್ಕೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು ಅಥವಾ ಸಣ್ಣ ಕಡ್ಡಿ ಹಾಸಿ. ಅದರ ಮೇಲೆ ಒಂದು ಹಿಡಿ ಹಳೆ ಗೊಬ್ಬರ ಇಲ್ಲವೇ ಒಣ ಸಗಣಿ. ಎರಡೂ ಸಿಗದಿದ್ದರೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಕೊಳೆಸುವ ಸೂಕ್ಷ್ಮ ಜೀವಿಗಳಿಗೆ ಅದು ಹೆಪ್ಪು ಇದ್ದ ಹಾಗೆ. ಅಂಗಡಿಯ ಪೌಡರ್ ಇಲ್ಲದೆಯೂ ಕೆಲಸ ಆಗುತ್ತದೆ.

ದಿನಾ ಮಾಡುವುದು ಇಷ್ಟು. ಅಡುಗೆಮನೆಯ ಡಬ್ಬಿಯಿಂದ ನೀರು ಬಸಿದು ಕಸವನ್ನು ಡ್ರಮ್ಮಿಗೆ ಹಾಕಿ. ದೊಡ್ಡ ಸಿಪ್ಪೆ, ಬಾಳೆ ಎಲೆ, ಕಲ್ಲಂಗಡಿ ಹೊರಪದರ ಇದ್ದರೆ ಕತ್ತರಿಸಿ. ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಒಣ ಪದಾರ್ಥ ಮುಚ್ಚಿ. ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಯಾವುದಾದರೂ ಸರಿ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ ಗಾಳಿಯಾಡಿಸಿ. ಮುಚ್ಚಳ ಹಾಕಿ.

ಒಣ ಎಲೆ ಹಾಕದೆ ಬರೀ ಸಿಪ್ಪೆ ಹಾಕಿದರೆ ಏನಾಗುತ್ತದೆ? ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸೂಕ್ಷ್ಮ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಇದ್ದರೆ ಹಿತ. ಆಗ ಅವು ಚುರುಕಾಗಿ ತಿನ್ನುತ್ತವೆ. ಡ್ರಮ್ಮಿನ ಹೊಟ್ಟೆ ಮುಟ್ಟಿದರೆ ಬೆಚ್ಚಗಿರುತ್ತದೆ. ಇಂಗಾಲ ಕಡಿಮೆಯಾದರೆ ಮಿಕ್ಕ ಸಾರಜನಕ ಅಮೋನಿಯ ಆಗಿ ಮೂಗಿಗೆ ಬಡಿಯುತ್ತದೆ. ಗಾಳಿ ಇಲ್ಲದೆ ಕೆಸರಾದರೆ ಕೊಳೆತ ಮೊಟ್ಟೆಯ ವಾಸನೆ. ಎರಡಕ್ಕೂ ಮದ್ದು ಒಂದೇ: ಒಣ ಎಲೆ ಹಾಕಿ, ಕೆದಕಿ.

ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಇರುವೆ ಬಂದಿದ್ದರೆ ಅದು ಒಣಗಿದೆ ಅಂತಲೇ ಅರ್ಥ.

ನನ್ನ ಮೊದಲ ಡ್ರಮ್ ಕೆಟ್ಟದ್ದು

ನಾನು ಶುರು ಮಾಡಿದ್ದು ಜುಲೈನಲ್ಲಿ. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಓರೆ ಮಳೆ ಒಳಗೆ ಹೋಗುತ್ತಿತ್ತು. ಸಾಲದ್ದಕ್ಕೆ ಉಳಿದ ಸಾರು, ಮೊಸರನ್ನ ಎಲ್ಲವನ್ನೂ ಹಾಗೇ ಸುರಿದಿದ್ದೆ. ಮೂರನೇ ವಾರ ಮೇಲಿನ ಮನೆ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿ, “ಬೇಜಾರು ಮಾಡ್ಕೋಬೇಡಿ, ಎರಡು ದಿನದಿಂದ ಏನೋ ವಾಸನೆ ಬರ್ತಾ ಇದೆ ಅಲ್ವಾ?” ಅಂದರು. ಡ್ರಮ್ ತೆಗೆದರೆ ತುಂಬಾ ಬಿಳಿ ಹುಳು. ಎಲ್ಲ ಎಸೆದುಬಿಡೋಣ ಅನ್ನಿಸಿತು.

ಎಸೆಯಲಿಲ್ಲ. ಸಾಮಿಲ್‌ಗೆ ಹೋಗಿ ಒಂದು ಚೀಲ ಮರದ ಹೊಟ್ಟು ತಂದೆ. ಡ್ರಮ್ಮಿನದನ್ನೆಲ್ಲ ಹಳೆ ಟಾರ್ಪಾಲಿನ ಮೇಲೆ ಹರಡಿ, ಹೊಟ್ಟು ಬೆರೆಸಿ, ಮತ್ತೆ ತುಂಬಿದೆ. ಎರಡು ದಿನದಲ್ಲಿ ವಾಸನೆ ಹೋಯಿತು. ಹೊಟ್ಟು ತರುವಾಗ ಒಂದು ಎಚ್ಚರ: ಬರೀ ಮರ ಕೊಯ್ದ ಹೊಟ್ಟೇ ಬೇಕು. ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ, ಬೇಡ.

ಹುಳುಗಳಿಗೆ ನಾನು ಹೆದರಿದ್ದು ಗೊತ್ತಿಲ್ಲದೆ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ನಮಗಿಂತ ಬೇಗ ಕೆಲಸ ಮುಗಿಸುತ್ತವೆ. ಅವು ಜಾಸ್ತಿಯಾದರೆ ಡ್ರಮ್ ಒದ್ದೆ ಇದೆ ಅಂತ ತಿಳಿದುಕೊಳ್ಳಿ. ಬಿಳಿ ಬೂಷ್ಟು ಕಂಡರೂ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ. ಹಣ್ಣಿನ ನೊಣ ಹಾರುತ್ತಿದ್ದರೆ ಮೇಲಿನ ಒಣ ಪದರ ತೆಳುವಾಗಿದೆ. ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ, ಎಲೆಯಿಂದ ದಪ್ಪಗೆ ಮುಚ್ಚಿ.

ಮೊದಲ ಡ್ರಮ್ಮಿಗೆ ಮಾಂಸ, ಮೀನು, ಮೂಳೆ ಹಾಕಬೇಡಿ. ಇಲಿ ಬರುತ್ತದೆ. ಕರಿದ ಎಣ್ಣೆಯೂ ಬೇಡ. ನಿಂಬೆ, ಮೂಸಂಬಿ ಸಿಪ್ಪೆ ಸ್ವಲ್ಪ ಸ್ವಲ್ಪ ಹಾಕಬಹುದು. ಬೇಯಿಸಿದ ಅನ್ನಕ್ಕೆ ಒಣ ಎಲೆ ಎರಡು ಪಟ್ಟು ಬೇಕು.

ತರಗೆಲೆ ಕೂಡಿಡುವ ಕಾಲ

ಈ ಇಡೀ ಕೆಲಸದ ಬೀಗದ ಕೈ ಇರುವುದು ಒಣ ಎಲೆಯಲ್ಲಿ. ಅದು ಪುಕ್ಕಟೆ ಸಿಗುತ್ತದೆ. ಆದರೆ ವರ್ಷವಿಡೀ ಅಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ ಎಲೆ ಉದುರಿಸುತ್ತದೆ, ಮಳೆಮರದ ಕೆಳಗೆ ರಸ್ತೆಯೇ ಕಾಣುವುದಿಲ್ಲ. ಆಗಲೇ ಅದನ್ನು ಗುಡ್ಡೆ ಹಾಕಿ ಬೆಂಕಿ ಇಡುವುದೂ ಆರಂಭ. ಆ ಹೊಗೆ ಅಸ್ತಮಾ ಇರುವವರಿಗೆ ಎಷ್ಟು ಹಿಂಸೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ರಸ್ತೆ ಗುಡಿಸುವವರನ್ನು ಕೇಳಿ, ಖುಷಿಯಿಂದ ಕೊಡುತ್ತಾರೆ. ಅವರಿಗೂ ಹೊರೆ ಇಳಿಯುತ್ತದೆ. ಕಾಲಿನಲ್ಲಿ ತುಳಿದು ಪುಡಿ ಮಾಡಿದರೆ ಒಂದು ಗೋಣಿಯಲ್ಲಿ ಮೂರು ಗೋಣಿಯಷ್ಟು ಹಿಡಿಯುತ್ತದೆ. ನಾಲ್ಕೈದು ಗೋಣಿ ತುಂಬಿಟ್ಟರೆ ಮಳೆಗಾಲ ದಾಟುತ್ತದೆ. ಮಾವು, ಹಲಸಿನ ಎಲೆ ದಪ್ಪ, ನಿಧಾನ. ಹೊಂಗೆ, ಮಳೆಮರದ್ದು ಬೇಗ.

ಬೀದಿಯವರ ಜೊತೆ

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. “ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯವರು ಒಟ್ಟಿಗೆ ಸುರೀತಾರಲ್ಲ?” ಹಾಗೆ ಆಗುವುದನ್ನು ನಾನೂ ಕಂಡಿದ್ದೇನೆ, ಕೋಪವೂ ಬಂದಿದೆ. ಆದರೆ ನಿಮ್ಮ ಹಸಿ ಕಸ ಮನೆಯಲ್ಲೇ ಮುಗಿದರೆ ಬೆರೆಸಲು ಅಲ್ಲೇನೂ ಇರುವುದಿಲ್ಲ. ಗಾಡಿಗೆ ಹೋಗುವುದು ವಾರಕ್ಕೊಂದು ಚೀಲ ಒಣ ಕಸ, ಪೇಪರಿನಲ್ಲಿ ಸುತ್ತಿದ ಒಂದೆರಡು ಪೊಟ್ಟಣ. ಉಳಿದ ದೂರನ್ನು ಆಮೇಲೆ ಪಾಲಿಕೆಗೆ ಧೈರ್ಯವಾಗಿ ಹೇಳಬಹುದು.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಎಲ್ಲರನ್ನೂ ಒಂದೇ ದಿನ ಒಪ್ಪಿಸಲು ಹೊರಡಬೇಡಿ. ಮೂರು ಮನೆ ಸಾಕು. ಮೂರು ತಿಂಗಳು ಮಾಡಿ, ಗೊಬ್ಬರವನ್ನು ಲಿಫ್ಟ್ ಪಕ್ಕ ಇಡಿ. ಮೂಸಿ ನೋಡಲಿ. ಮನೆಗೆಲಸಕ್ಕೆ ಬರುವವರಿಗೆ, ಹೌಸ್‌ಕೀಪಿಂಗ್‌ನವರಿಗೆ ಅವರ ಭಾಷೆಯಲ್ಲೇ ಕೂತು ಹೇಳಿ. ಕಸ ದಿನಾ ಮುಟ್ಟುವವರು ಅವರು. ಅನುಮಾನ ಬಂದರೆ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ. ಬಗೆಬಗೆಯ ಗೊಬ್ಬರದ ತೊಟ್ಟಿಗಳನ್ನು ಅಲ್ಲಿ ಒಟ್ಟಿಗೆ ನೋಡಬಹುದು.

ಹಬ್ಬಕ್ಕೆ ಮುಂಚೆಯೇ ಯೋಚಿಸಿ. ಆಯುಧಪೂಜೆ ಮರುದಿನ ಬಾಳೆಕಂದು, ಒಡೆದ ಬೂದುಗುಂಬಳ, ಚೆಂಡು ಹೂವಿನ ರಾಶಿ ರಸ್ತೆಯಲ್ಲೇ ಬಿದ್ದಿರುತ್ತದೆ. ಕುಂಬಳಕಾಯಿ ಹೋಳುಗಳನ್ನು ಅವತ್ತೇ ಎತ್ತಿ, ಬೈಕಿನವರು ಜಾರಿ ಬೀಳುತ್ತಾರೆ. ಹಾರದ ದಾರ ಬಿಡಿಸಿ ಹೂವನ್ನು ಡ್ರಮ್ಮಿಗೆ ಹಾಕಿ. ಮನೆಯಲ್ಲಿ ನಾಮಕರಣ, ಗೃಹಪ್ರವೇಶ ಇದ್ದರೆ ಬಾಳೆ ಎಲೆಯ ಊಟ, ಸ್ಟೀಲ್ ಲೋಟ. ತಟ್ಟೆ ಬ್ಯಾಂಕ್‌ಗಳಲ್ಲಿ ತಟ್ಟೆ ಲೋಟ ಬಳಸಿ ಹಿಂದಿರುಗಿಸಲು ಸಿಗುತ್ತವೆ, ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಕೊಡುತ್ತಾರೆ.

ಎರಡು ತಿಂಗಳ ನಂತರ

ಮೊದಲ ಡ್ರಮ್ ತುಂಬಲು ಒಂದು ತಿಂಗಳಿಂದ ಒಂದೂವರೆ ತಿಂಗಳು. ಕಸ ದಿನಾ ಕುಗ್ಗುವುದರಿಂದ ಅಷ್ಟು ದಿನ ಹಿಡಿಸುತ್ತದೆ. ತುಂಬಿದ ಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಎರಡನೆಯದನ್ನು ಶುರು ಮಾಡಿ. ಮೊದಲನೆಯದನ್ನು ವಾರಕ್ಕೊಮ್ಮೆ ಕೆದಕುತ್ತಿದ್ದರೆ ಇನ್ನೊಂದು ತಿಂಗಳು, ಒಂದೂವರೆ ತಿಂಗಳಲ್ಲಿ ಹದಕ್ಕೆ ಬರುತ್ತದೆ. ಹದ ಬಂದದ್ದು ಮೂಗಿಗೇ ತಿಳಿಯುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಬಣ್ಣ ಕಾಫಿ ಪುಡಿಯಂತೆ. ಅವರೆ ಸಿಪ್ಪೆ ಯಾವುದು, ಹೂವು ಯಾವುದು ಅಂತ ಗುರುತೇ ಸಿಗುವುದಿಲ್ಲ.

ಎರಡು ದಿನ ನೆರಳಿನಲ್ಲಿ ಹರಡಿ ಆರಿಸಿ, ಮರಳಿನ ಜರಡಿಯಲ್ಲಿ ಜರಡಿ ಹಿಡಿಯಿರಿ. ಕುಂಡಕ್ಕಾದರೆ ಒಂದು ಪಾಲು ಗೊಬ್ಬರಕ್ಕೆ ಎರಡು ಪಾಲು ಮಣ್ಣು. ಬರೀ ಗೊಬ್ಬರದಲ್ಲಿ ಗಿಡ ನೆಡಬೇಡಿ, ಬೇರು ಸುಡಬಹುದು. ಬಾಲ್ಕನಿಯಲ್ಲಿ ಗಿಡ ಇಲ್ಲದಿದ್ದರೆ ಬೀದಿಯ ಹೊಂಗೆ ಮರದ ಬುಡಕ್ಕೆ ಹಾಕಿ, ಪಕ್ಕದ ಶಾಲೆಯ ತೋಟಕ್ಕೆ ಕೊಡಿ. ತಟ್ಟೆಗೆ ಇಳಿದ ಕಂದು ನೀರನ್ನು ಚೆಲ್ಲಬೇಡಿ, ಇಪ್ಪತ್ತು ಪಟ್ಟು ನೀರು ಬೆರೆಸಿ ಹೂಗಿಡದ ಬುಡಕ್ಕೆ ಹಾಕಿ. ಜರಡಿಯ ಮೇಲೆ ಓಟೆ, ಕಡ್ಡಿ, ಜೋಳದ ದಿಂಡು ಉಳಿಯುತ್ತವೆ. ಒಮ್ಮೊಮ್ಮೆ ಕಳೆದುಹೋದ ಚಮಚವೂ ಸಿಗುತ್ತದೆ. ಚಮಚ ತೊಳೆದಿಟ್ಟುಕೊಂಡು ಮಿಕ್ಕದ್ದನ್ನು ಖಾಲಿ ಡ್ರಮ್ಮಿನ ತಳಕ್ಕೆ ಹಾಕಿ. ಅದರಲ್ಲಿ ಜೀವ ಇದೆ. ಮುಂದಿನ ಕಸಕ್ಕೆ ಅದೇ ಹೆಪ್ಪು.